ನಾಲ್ಕು ಮಕ್ಕಳು ಸೇರಿ ಬರೆದ ಅಜ್ಜಿ

ಜಪಾನಿನ ನಗೋಯಾದಲ್ಲಿ ನಾನು ನಡೆಸುವ ಭಾನುವಾರದ ಕನ್ನಡ ತರಗತಿಯಲ್ಲಿ ಇವತ್ತು ನನ್ನ ಮಾನವೇ ಹೋಯಿತು, ಸ್ನೇಹಿತರೇ.

ನಾಲ್ಕು ಮಕ್ಕಳು ಸೇರಿ ‘ನಮ್ಮ ಅಜ್ಜಿ’ ಎಂದು ಒಂದು ಪುಟ ಬರೆದು ತಂದಿದ್ದರು. ಇಲ್ಲಿನ ಶಾಲೆಗಳಲ್ಲಿ ಮಾಡಿಸುವಂತೆ, ಗುಂಪಿನಲ್ಲಿ ಯಾರು ಏನು ಮಾಡಿದಿರಿ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದೆ.

“ನಾನು ಡ್ರಾಯಿಂಗ್.” “ನಾನು ಬಾರ್ಡರ್.” “ನಾನು ಟೈಮ್ ಕೀಪರ್.”

ಕೊನೆಗೆ ನನ್ನ ಮಗಳು ಎದ್ದು ತಲೆ ಬಗ್ಗಿಸಿ ಜಪಾನಿಯಲ್ಲೇ ಕ್ಷಮೆ ಕೇಳಿದಳು. “ಸುಮಿಮಾಸೆನ್. ರೈಟಿಂಗ್ ಎಲ್ಲಾ ಅಮ್ಮ.”

ಹೌದು, ನಿನ್ನೆಯವರೆಗೂ ಹಾಳೆ ಖಾಲಿಯಿತ್ತು, ನನಗೆ ತಡೆಯಲಾಗಲಿಲ್ಲ. ಮೊಮ್ಮಗಳು ಬರೆದದ್ದು ಎಂದು ಮೈಸೂರಿನಲ್ಲಿರುವ ನನ್ನ ಅಮ್ಮನಿಗೆ ಫೋಟೊ ಬೇರೆ ಕಳಿಸಿದ್ದೆ. ಈಗ ಉತ್ತರ ಬಂದಿದೆ: “ಅಕ್ಷರ ನಿಂದೇ ಕಣೇ. ತಪ್ಪಿದ್ರೂ ಪರ್ವಾಗಿಲ್ಲ, ಮಗು ಕೈಲಿ ಒಂದು ಸಾಲು ಬರ್ಸು.”

ಆ ಒಂದು ಸಾಲಿಗಾಗಿಯೇ ನಾಲ್ಕು ವರ್ಷದಿಂದ ತರಗತಿ ನಡೆಸುತ್ತಿದ್ದೇನೆ ಎಂದು ಅಮ್ಮನಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ?