ಪ್ರೆಸ್ಸಕ್ಕನ ಕಿವಿ

ಡಬ್ಬದ ಮುಚ್ಚಳ ಮಾಡುವ ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಪ್ರೆಸ್ಸಕ್ಕ. ಹತ್ತೊಂಬತ್ತು ವರ್ಷದಿಂದ ಒಂದೇ ಪ್ರೆಸ್ ಯಂತ್ರದ ಮುಂದೆ ನಿಂತವಳು. ಎದುರಿಗಿದ್ದ ಜೊತೆಗಾತಿ ತಗಡು ಇಟ್ಟು, ಕೈ ತೆಗೆದು "ಆಯ್ತು" ಅಂದ ಮೇಲೆ ಇವಳು ಪೆಡಲ್ ತುಳಿಯಬೇಕು. ಧಡ್ ಅಂತ ಅಚ್ಚು ಇಳಿಯುತ್ತದೆ. ಆ ಧಡಧಡಕ್ಕೆ ಕಿವಿ ಯಾವತ್ತೋ ಸೋತಿತ್ತು. ಪ್ರೆಸ್ಸಕ್ಕ ತುಟಿ ನೋಡಿ ತುಳಿಯುತ್ತಿದ್ದಳು. ಈ ಗುಟ್ಟು ಗಂಡನಿಗೂ ಗೊತ್ತಿರಲಿಲ್ಲ.

ಆ ವರ್ಷ ಕಾರ್ಖಾನೆಯ ಯಜಮಾನರು ಕೆಲಸಗಾರರ ಆರೋಗ್ಯ ತಪಾಸಣೆ ಅಂತ ಒಬ್ಬ ನರ್ಸನ್ನು ನೇಮಿಸಿದರು. ಅದರಲ್ಲಿ ಕಿವಿ ಪರೀಕ್ಷೆಯೂ ಇತ್ತು. ಕಿವುಡಿ ಅಂತ ತಿಳಿದರೆ ಗೇಟಿನಾಚೆಯೇ ಗತಿ! ಪರೀಕ್ಷೆಯ ದಿನ ಸದ್ದು ಕೇಳಿಸಿದಾಗ ಕೈ ಎತ್ತಬೇಕಿತ್ತು. ಪ್ರೆಸ್ಸಕ್ಕ ಸದ್ದಿನ ಗುಂಡಿ ಒತ್ತುವ ನರ್ಸಮ್ಮನ ಬೆರಳನ್ನೇ ಓರೆಗಣ್ಣಲ್ಲಿ ನೋಡುತ್ತಾ, ಒತ್ತಿದಾಗೆಲ್ಲ ಕೈ ಎತ್ತಿದಳು. ಪಾಸಾಯಿತು.

ಮೂರು ವಾರ ಕಳೆಯಿತು. ಜೊತೆಗಾತಿ ನೆಗಡಿ ಅಂತ ಮಾಸ್ಕ್ ಹಾಕಿಕೊಂಡು ಬಂದಳು. ಇನ್ನು ತುಟಿ ಎಲ್ಲಿಂದ ಕಾಣಬೇಕು? "ಮಾಸ್ಕ್ ತೆಗಿ" ಅನ್ನಲು ಬಾಯಿ ಬರಲಿಲ್ಲ. ಪ್ರೆಸ್ಸಕ್ಕ ಅವಳ ಭುಜ ಹಿಂದೆ ಸರಿದದ್ದನ್ನು ನೋಡಿ ಪೆಡಲ್ ತುಳಿಯತೊಡಗಿದಳು. ನೂರು ಮುಚ್ಚಳ, ಇನ್ನೂರು ಮುಚ್ಚಳ. ಊಟದ ಗಂಟೆಗೆ ಇನ್ನು ಹತ್ತು ನಿಮಿಷ ಇದ್ದಾಗ ತಗಡೊಂದು ಓರೆಯಾಯಿತು. ಹಿಂದೆ ಸರಿದಿದ್ದ ಜೊತೆಗಾತಿ "ತಾಳಕ್ಕ!" ಅಂತ ಕೂಗಿ ಮತ್ತೆ ಕೈ ಹಾಕಿದಳು.

ಪ್ರೆಸ್ಸಕ್ಕ ತುಳಿದೇಬಿಟ್ಟಳು.

ಅಚ್ಚು ಎದ್ದಾಗ ಅದರಲ್ಲಿ ಕೈಗವಸಿನ ತುದಿಯೊಂದು ಸಿಕ್ಕಿಕೊಂಡಿತ್ತು. ಜೊತೆಗಾತಿ ಒಂದೊಂದೇ ಬೆರಳು ಎಣಿಸಿಕೊಂಡಳು. ಐದೂ ಇದ್ದವು. "ಕೂಗಿದ್ದು ಕೇಳಿಸ್ಲಿಲ್ವಾ ನಿಂಗೆ?" ಅಂತ ಮಾಸ್ಕ್ ಕಿತ್ತು ಕಿರುಚಿದಳು.

"ಇಲ್ಲ ಕಣೇ. ವರ್ಷಗಟ್ಟಲೆ ಆಯ್ತು, ನೆಟ್ಟಗೆ ಏನೂ ಕೇಳಿಸ್ತಿಲ್ಲ" ಅಂದಳು ಪ್ರೆಸ್ಸಕ್ಕ. ಯಂತ್ರ ನಿಲ್ಲಿಸಿ ನರ್ಸಮ್ಮನ ಕೋಣೆಗೆ ನಡೆದಳು.

ನರ್ಸಮ್ಮ ಬಯ್ಯಲಿಲ್ಲ. ನಿಧಾನವಾಗಿ, ತುಟಿ ಕಾಣುವಂತೆ ಹೇಳಿದಳು: "ಅವತ್ತು ನನ್ನ ಕೈ ನೋಡ್ತಿದ್ರಿ ಅಂತ ಅನುಮಾನ ಇತ್ತು. ಬೆನ್ನು ತಿರುಗಿಸಿ ಕೂರಿಸಬೇಕಿತ್ತು. ತಪ್ಪು ನಂದೂ ಇದೆ."

ಮಾರನೇ ದಿನ ಪ್ರೆಸ್ ಸಾಲಿನ ಹನ್ನೆರಡೂ ಜನರನ್ನು ಬೆನ್ನು ತಿರುಗಿಸಿ ಕೂರಿಸಿ ನೋಡಿದರೆ ಏಳು ಜನರ ಕಿವಿ ಕೆಟ್ಟಿತ್ತು. ಯಜಮಾನರು ತಲೆ ಮೇಲೆ ಕೈ ಹೊತ್ತರು. "ಇಷ್ಟು ಜನಾನ ಎಲ್ಲಿಗಮ್ಮ ಕಳಿಸ್ಲಿ?"

"ಹೊರಗೆ ಕಳಿಸಬೇಕಾದ್ದು ಜನಾನಲ್ಲ ಸಾರ್, ಸದ್ದನ್ನ" ಅಂದಳು ನರ್ಸಮ್ಮ.

ಯಜಮಾನರು ಕೂತು ಲೆಕ್ಕ ಹಾಕಿದರು: ಏಳು ಜನ ನುರಿತವರನ್ನು ಬಿಡುವುದಕ್ಕಿಂತ ಸದ್ದು ತಗ್ಗಿಸುವುದೇ ಅಗ್ಗ. ಮೂರನೇ ದಿನ ಯಂತ್ರಗಳ ಅಡಿಗೆ ದಪ್ಪ ರಬ್ಬರ್ ಬಂತು, ಎಲ್ಲರ ಕಿವಿಗೂ ಮುಚ್ಚಿಗೆ ಬಂತು. ಪೆಡಲ್ ಹೋಗಿ, ಇಬ್ಬರೂ ತಮ್ಮ ತಮ್ಮ ಗುಂಡಿಗಳನ್ನು ಎರಡೂ ಕೈಯಲ್ಲಿ ಒತ್ತಿದರೆ ಮಾತ್ರ ಅಚ್ಚು ಇಳಿಯುವ ಹಾಗಾಯಿತು. ಪ್ರೆಸ್ಸಕ್ಕ ಶ್ರವಣಯಂತ್ರ ಹಾಕಿಕೊಂಡು, ಮುಚ್ಚಳ ಪರೀಕ್ಷಿಸುವ ಮೇಜಿಗೆ ಹೋದಳು.

ಜೊತೆಗಾತಿ ಎಂಟು ದಿನ ಬೇರೆ ಕಡೆ ಕೂತು ಉಂಡಳು. ಒಂಬತ್ತನೇ ದಿನ ಊಟದ ಡಬ್ಬಿ ಹಿಡಿದು ಪಕ್ಕದಲ್ಲಿ ಬಂದು ಕೂತಳು. "ಮೊದಲೇ ಹೇಳಿದ್ರೆ ನಾನೇನು ನಿನ್ನ ನುಂಗ್ತಿದ್ನಾ?" ಅಂದಳು.

ವರ್ಷ ತುಂಬುವಷ್ಟರಲ್ಲಿ ಹಾಳಾಗುವ ಮುಚ್ಚಳ ಕಡಿಮೆಯಾದವು, ನುರಿತವರು ಕೆಲಸ ಬಿಟ್ಟು ಹೋಗುವುದು ನಿಂತಿತು. ಇದನ್ನು ಯಜಮಾನರೇ ಎಲ್ಲರ ಮುಂದೆ ಒಪ್ಪಿಕೊಂಡರು. ಪ್ರೆಸ್ಸಕ್ಕನ ಗಂಡ ಮಾತ್ರ ಗೊಣಗುತ್ತಾನೆ: "ಈಗ ಮನೇಲಿ ಗೊಣಗೋ ಹಾಗೂ ಇಲ್ಲ, ಎಲ್ಲಾ ಕೇಳಿಸ್ಕೊಂಡುಬಿಡ್ತಾಳೆ!"