ಪಕ್ಕದ ಸೀಟಿನ ಬ್ರೇಕು

ಜಯನಗರದಲ್ಲಿ ನನಗೆ ಕಾರು ಕಲಿಸಿದವರ ಕಾಲಡಿಯಲ್ಲೂ ಒಂದು ಬ್ರೇಕು ಇತ್ತು, ಡ್ರೈವಿಂಗ್ ಸ್ಕೂಲಿನ ಎಲ್ಲ ಕಾರುಗಳಲ್ಲಿ ಇರುವಂತೆ. ಪಕ್ಕದ ಸೀಟಿನಲ್ಲಿ ಕೂತು, ಬೆರಳಿನಿಂದ ಡ್ಯಾಶ್‌ಬೋರ್ಡಿನ ಮೇಲೆ ತಾಳ ಹಾಕುತ್ತ, ನಾನು ಹೆದರಿದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದರು: "ನಾನಿದ್ದೀನಲ್ಲ ಮೇಡಂ, ಓಡ್ಸಿ." ಎದುರಿಗೆ ಬಸ್ಸು ಬಂದರೂ, ಹಸು ಅಡ್ಡ ನಿಂತರೂ ಅದೇ ಮಾತು. ನನ್ನನ್ನು ನಗಿಸದೆ ಕಳಿಸಿದ ದಿನವಿಲ್ಲ.

ಅವತ್ತು ಬನಶಂಕರಿಯ ಒಂದು ಏರಿನಲ್ಲಿ ಎಂಜಿನ್ ಆಫ್ ಆಗಿ ಕಾರು ಹಿಂದಕ್ಕೆ ಜಾರತೊಡಗಿತು. ಅವರು ಹಿಡಿಯುತ್ತಾರೆ ಎಂದು ನಾನು ನಿಶ್ಚಿಂತೆಯಿಂದ ಕೂತಿದ್ದೆ. ಜಾರುತ್ತಲೇ ಇತ್ತು. ಹಿಂದೆ ತಳ್ಳುಗಾಡಿಯಲ್ಲಿ ಸೊಪ್ಪು ಮಾರುತ್ತಿದ್ದ ಹೆಂಗಸು ಕಿರುಚಿದಳು. ಗಾಬರಿಯಲ್ಲಿ ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಎಳೆದೆ. ಅವಳ ಗಾಡಿ ಗೇಣು ದೂರದಲ್ಲಿತ್ತು.

"ನೋಡ್ಲಿಲ್ವಾ ಸಾರ್?" ಅವರ ಕಡೆ ತಿರುಗಿ ಕೇಳಿದೆ.

"ನೋಡ್ದೆ ಮೇಡಂ. ಒತ್ಬೇಕು ಅಂತ ಗೊತ್ತಿತ್ತು. ಒತ್ತಕ್ಕಾಗ್ಲಿಲ್ಲ." ಎದುರಿನ ಗಾಜನ್ನೇ ನೋಡುತ್ತ ಹೇಳಿದರು. "ಬೆಳಿಗ್ಗೆ ಹಾಸಿಗೆಯಿಂದ ಏಳಕ್ಕೂ ಹಿಂಗೇ ಆಗುತ್ತೆ. ಡಿಪ್ರೆಶನ್ ಅಂದ್ರು ಡಾಕ್ಟ್ರು. ಮನೇಲಿ ಸೋಮಾರಿತನ ಅಂತಾರೆ. ನಾನೂ ಹಂಗೇ ಅಂದ್ಕೊಂಡು ಮಾತ್ರೆ ಬಿಟ್ಬಿಟ್ಟೆ."

ಡಿಪ್ರೆಶನ್ ಅಂದರೆ ಅಳು, ಸಪ್ಪೆ ಮುಖ ಎಂದುಕೊಂಡಿದ್ದವಳು ನಾನು. ಇಷ್ಟು ದಿನ ನನ್ನನ್ನು ನಗಿಸಿದ ಮನುಷ್ಯನ ಮುಖ ನೋಡಲಾಗದೆ ತಲೆ ತಗ್ಗಿಸಿದೆ. ಅವರ ಕಾಲು ಕಾಣಿಸಿತು.

ಪಾದ ಬ್ರೇಕಿನ ಮೇಲೇ ಇತ್ತು. ಸರಿಯಾಗಿ, ನನಗೆ ಕಲಿಸಿಕೊಟ್ಟ ಹಾಗೇ.