ದೊಡ್ಡಮ್ಮನ ಮುತ್ತುಗ

ನಮ್ಮ ದೊಡ್ಡಮ್ಮ ಚಿಕ್ಕಗೌರಮ್ಮ ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ಆಚೆಯ ಗುಡ್ಡದ ಬುಡದಲ್ಲಿ, ಮದುವೆಯಾಗಿ ಬಂದದ್ದು ಹೊನ್ನವಳ್ಳಿಯ ತೆಂಗಿನ ತೋಟಕ್ಕೆ. ತವರಿನ ಗುಡ್ಡದ ಹೂವಿನ ಮಾತು ತೆಗೆದರೆ ಅವಳಿಗೆ ಒಲೆಯ ಮೇಲಿನ ಸಾರೂ ಮರೆತುಹೋಗುತ್ತಿತ್ತು. ಶಿವರಾತ್ರಿ ಕಳೆದ ಮೇಲೆ ಕೆರೆ ಏರಿ ದಾಟಿ ಕಾಲುದಾರಿ ಹಿಡಿದರೆ ಮೊದಲ ತಿರುವಿನಲ್ಲೇ ಮುತ್ತುಗ. ಯುಗಾದಿ ಆದಮೇಲೆ ಹೋದರೆ ಅದು ಉದುರಿರುತ್ತದೆ, ಆಗ ಇನ್ನೂ ಮೇಲೆ ಹತ್ತಿ ಕಕ್ಕೆ ನೋಡಬೇಕು. ತಂಗಡಿ ಹೂ ಸಾಕೆನ್ನುವ ಸೋಮಾರಿಗಳು ಹತ್ತುವುದೇ ಬೇಡ, ದಾರಿಯುದ್ದಕ್ಕೂ ಸಿಗುತ್ತದೆ ಎನ್ನುತ್ತಿದ್ದಳು.

ದೊಡ್ಡಪ್ಪ ರಂಗಪ್ಪ ಕೆಟ್ಟವರಲ್ಲ, ಆದರೆ ತೋಟ ಬಿಟ್ಟರೆ ಅವರಿಗೆ ಬೇರೆ ಲೋಕವಿರಲಿಲ್ಲ. ಪ್ರತಿ ಶಿವರಾತ್ರಿಗೂ ಅವಳು ತವರಿನ ಮಾತೆತ್ತಿದರೆ, "ಹೂವೆಲ್ಲಿ ಓಡೋಯ್ತವೆ, ಕಾಯಿ ಕಿತ್ತಾಗ್ಲಿ ಬುಡು" ಎನ್ನುತ್ತಿದ್ದರು. ತಿಂಗಳು ತಿಂಗಳೂ ಹೊಂಬಾಳೆ ಬಿಡುವ ಮರದ ಕೆಳಗೆ ಬೆಳೆದ ಮನುಷ್ಯ. ಹೂವಿಗೂ ಒಂದು ಕಾಲವಿದೆ ಎಂಬುದು ಆ ತಲೆಗೆ ಹೊಳೆದಿರಲೇ ಇಲ್ಲ. ಕಾಯಿ ಕೀಳಿಸಿ, ಕೊಬ್ಬರಿಗೆಂದು ಅಟ್ಟಕ್ಕೇರಿಸಿ, ನಿಧಾನವಾಗಿ ಆಷಾಢದಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಆಗ ಮುತ್ತುಗದಲ್ಲಿ ಇರುತ್ತಿದ್ದದ್ದು ಊಟಕ್ಕೆ ಹಚ್ಚುವ ಎಲೆ ಮಾತ್ರ. ದೊಡ್ಡಮ್ಮ ಮುಖ ಸಣ್ಣ ಮಾಡಿಕೊಂಡು ಬಸ್ ಹತ್ತಿ ವಾಪಸು ಬರುತ್ತಿದ್ದಳು. ಆ ಮುಖ ಕಂಡಾಗೆಲ್ಲ ನನಗೆ ದೊಡ್ಡಪ್ಪನ ಮೇಲೆ ಮೈ ಉರಿಯುತ್ತಿತ್ತು.

ಎಂಬತ್ತನೇ ಇಸವಿ ಸುಮಾರಿಗೆ ಅವಳ ಕಣ್ಣಿಗೆ ಪೊರೆ ಬಂತು. ಒಂದು ಕಣ್ಣು ಹೋದಂತೆಯೇ, ಇನ್ನೊಂದು ಮಂಜು. ಪೊರೆ ಬಲಿತ ಮೇಲೆ ಆಪರೇಷನ್ ಮಾಡೋಣ, ದೃಷ್ಟಿ ಎಷ್ಟು ಬರುತ್ತದೋ ಹೇಳಲಾಗದು ಎಂದರು ಡಾಕ್ಟರು. ಆ ಶಿವರಾತ್ರಿಗೂ ದೊಡ್ಡಪ್ಪ ಹಳೇ ರಾಗವನ್ನೇ ತೆಗೆದರು: ಕಣ್ಣು ಸರಿಯಾಗಲಿ, ಆಮೇಲೆ ಹೋದರಾಯಿತು.

ದೊಡ್ಡಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ನಿಮ್ಮ ತೆಂಗು ತಿಂಗ್ಳು ತಿಂಗ್ಳೂ ಹೂ ಬುಡ್ತದೆ. ಮುತ್ತುಗ ವರ್ಸಕ್ಕೊಂದೇ ಸಲ ಕಣ್ರೀ. ಈ ಸಲ ತಪ್ಪುದ್ರೆ, ಮುಂದ್ಲ ಸಲಕ್ಕೆ ನನ್ನ ಕಣ್ಣಿರ್ತದೋ ಇಲ್ವೋ."

ಮಾರನೇ ಬೆಳಿಗ್ಗೆ ಕಾಯಿ ಕೀಳುವ ಗಿಡ್ಡಯ್ಯ ಬಂದರೆ ಮನೆಗೆ ಬೀಗ.

ಅವರ ಜೊತೆ ನಾನೂ ಹೋಗಿದ್ದೆ. ಮೊದಲ ತಿರುವಿನ ಮರದಲ್ಲಿ ಒಂದೂ ಎಲೆಯಿಲ್ಲ, ಬುಡದಿಂದ ತುದಿಯವರೆಗೆ ಬರೀ ಹೂವು. ದೊಡ್ಡಮ್ಮನಿಗೆ ಎಸಳು ಕಾಣಲಿಲ್ಲ, ಕೆಂಪು ಕಂಡಿತು. ನೆಲ ತಡವಿ ಉದುರಿದ ಹೂವನ್ನೆಲ್ಲ ಮಡಿಲಿಗೆ ತುಂಬಿಕೊಂಡು ನಕ್ಕಳು. ದೊಡ್ಡಪ್ಪ ಚಪ್ಪಲಿ ಬಿಟ್ಟು ನಿಂತಿದ್ದರು. "ಆಷಾಢ್ದಲ್ಲಿ ಬಂದಾಗೆಲ್ಲ ನೋಡ್ತಿದ್ದದ್ದು ಇದೇ ಮರವೇನೇ?" ಎಂದು ಕೇಳಿದರು.

ಮಳೆಗಾಲ ಕಳೆದು ಆಪರೇಷನ್ ಆಯಿತು. ದಪ್ಪ ಗಾಜಿನ ಕನ್ನಡಕ ಬಂತು, ಪುಣ್ಯಕ್ಕೆ ದೃಷ್ಟಿಯೂ ಬಂತು. ಮುಂದಿನ ಶಿವರಾತ್ರಿ ಮುಗಿಯುತ್ತಲೇ ಗಿಡ್ಡಯ್ಯ ದೋಟಿ ಹಿಡಿದು ಬಾಗಿಲಿಗೆ ಬಂದ. ದೊಡ್ಡಪ್ಪ ಮಡಿಕೆ ಕೆಡದ ಪಂಚೆ ಉಟ್ಟು, ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು ಬಸ್ಸಿಗೆ ಹೊರಟಿದ್ದರು.

"ಕಾಯೆಲ್ಲಿ ಓಡೋಯ್ತವೆ, ಯುಗಾದಿ ಕಳೀಲಿ ಬುಡ್ಲಾ" ಎಂದರು.